ತನ್ನನ್ನು ತಾನೇ ನೋಡಿಕೊಳ್ಳುವ ಭೂಮಿ

ಬಹಳ ಹಿಂದೆ, ಮೊದಲು ಕೆರೆ ಮುಚ್ಚಿ ಆಮೇಲೆ ವರದಿ ತರಿಸುತ್ತಿದ್ದ ಕಾಲದಲ್ಲಿ, ಉದ್ಘಾಟನಾದಿತ್ಯನೆಂಬ ಅರಸನು ಆಳುತ್ತಿದ್ದ ಒಂದು ರಾಜ್ಯವಿತ್ತು. ಅಲ್ಲಿನ ಹಿರೇಕೆರೆಯ ದಡದಲ್ಲಿ, ಜೊಂಡಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಸರ್ವಮಂಗಳಮ್ಮ ಎಂಬ ವಿಜ್ಞಾನಿ ಇದ್ದರು. ಯಾವ ಸಂಸ್ಥೆಯ ಸಂಬಳವೂ ಇರಲಿಲ್ಲ. ಹಾಗಾಗಿ ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದರು.

"ಭೂಮಿ ಒಂದು ಮೈ ಇದ್ದ ಹಾಗೆ ಕಣ್ರೋ. ಕಾದ್ರೆ ಬೆವರುತ್ತೆ, ತಣ್ಣಗಾದ್ರೆ ಹೊದ್ಕೊಳ್ಳುತ್ತೆ. ಗಾಳಿ, ನೀರು, ಪಾಚಿ, ಎರೆಹುಳ ಎಲ್ಲಾ ಸೇರಿ ಅದರ ಹದ ಕಾಯ್ತವೆ. ಭೂಮಿ ತನ್ನನ್ನ ತಾನೇ ನೋಡ್ಕೊಳ್ಳುತ್ತೆ. ಆದ್ರೆ ನಮ್ಮನ್ನೂ ನೋಡ್ಕೊಳ್ತೀನಿ ಅಂತ ಎಲ್ಲೂ ಬರ್ಕೊಟ್ಟಿಲ್ಲ."

ಅರಸನು ಹಿರೇಕೆರೆ ಮುಚ್ಚಿ ಸಭಾಭವನ ಕಟ್ಟಲು ಹೊರಟ. ಕೆರೆಯ ಜೇಡಿಯಿಂದಲೇ ಮಡಕೆ ಮಾಡಿ ಬದುಕುತ್ತಿದ್ದ ಕುಂಬಾರಗೇರಿಯ ಪುಟ್ಟತಾಯಿ ನಮ್ಮ ಓದುಬಳಗಕ್ಕೆ ಬಂದಳು. "ಓದಿದೋರು ನೀವು, ಏನಾರ ಮಾಡ್ರಪ್ಪಾ."

ನಾವು ಸಿಡಿದೆದ್ದೆವು. ನಾವೆಂದರೆ ಒಂಬತ್ತು ಜನ, ಹನ್ನೊಂದು ಬಣ. ಮನವಿಯೋ ಹಕ್ಕೊತ್ತಾಯವೋ ಎಂದು ಮೂರು ಭಾನುವಾರ ಚರ್ಚಿಸಿ, ಕೊನೆಗೆ ಸರ್ವಮಂಗಳಮ್ಮನ ಮಾತನ್ನೇ ಫಲಕಕ್ಕೆ ಬರೆಯುವುದೆಂದು ತೀರ್ಮಾನಿಸಿದೆವು. ಅಕ್ಷರ ದಪ್ಪಗಿರಬೇಕೆಂಬ ಹಟಕ್ಕೆ ರಟ್ಟಿನಲ್ಲಿ ಜಾಗ ಸಾಲಲಿಲ್ಲ. ಅರ್ಧ ಮಾತು ಮಾತ್ರ ಹಿಡಿಯಿತು.

"ಉಳಿದರ್ಧ ಎಲ್ಲೋ?" ಎಂದರು ಆಕೆ.

"ಅದು ಅಂತರ್ಗತವಾಗಿದೆ, ಅಕ್ಕಾ," ಎಂದೆ.

"ಅಂದ್ರೆ ಕಾಣ್ಸಲ್ಲ ಅಂತ ತಾನೇ?"

ಅರಮನೆಯೆದುರು ಒಂಬತ್ತು ಫಲಕ ಎತ್ತಿ 'ಭೂಮಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ!' ಎಂದು ಗಂಟಲು ಹರಿದುಕೊಂಡೆವು. ಅರಸನು ಉಪ್ಪರಿಗೆಯಿಂದ ಇಣುಕಿ ಮಂತ್ರಿಯನ್ನು ಕರೆದ.

"ತಥಾಸ್ತುರಾಯರೇ, ಏನದು ಗಲಾಟೆ?"

"ಒಪ್ಪಿಗೆ, ಮಹಾಪ್ರಭು! ಭೂಮಿ ತಾನೇ ನೋಡ್ಕೊಳ್ಳುತ್ತಂತೆ. ಇನ್ನು ಕೆರೆ ಇಲಾಖೆ ಯಾಕೆ ದಂಡಕ್ಕೆ?"

"ಆಹಾ! ನಾವೂ ಪಟ್ಟಕ್ಕೆ ಬಂದಾಗಿನಿಂದ ನಮ್ಮನ್ನೇ ನೋಡಿಕೊಂಡಿದ್ದೇವಲ್ಲ!"

"ಭೂಮಿ ತಮ್ಮಿಂದಲೇ ಕಲಿತಿರಬೇಕು, ಪ್ರಭು."

ಅಂದೇ ರಾಜಾಜ್ಞೆ ಹೊರಟಿತು. ಕೆರೆ ಇಲಾಖೆ ರದ್ದು. ಮೋಡಗಳು ತಿಂಗಳಿಗೊಮ್ಮೆ ಸ್ವಯಂ ದೃಢೀಕರಣ ಪತ್ರ ಸಲ್ಲಿಸತಕ್ಕದ್ದು. ಕೆರೆ ಮುಚ್ಚಲು ಜನಾಭಿಪ್ರಾಯದ ದಾಖಲೆಯಾಗಿ ನಮ್ಮ ಒಂಬತ್ತು ಜನರ ಭಾವಚಿತ್ರ ಲಗತ್ತಿಸಿದೆ. ಓದುಬಳಗ ತುರ್ತು ಸಭೆ ಸೇರಿ, ಅರಸನ ಓದು ಅಪೂರ್ಣವೆಂದು ಖಂಡಿಸಿತು.

ಜೊಂಡು ಹೋಯಿತು, ಕೆರೆ ಹೋಯಿತು, ಎತ್ತರದ ಪಾಯದ ಮೇಲೆ ಭವನ ಎದ್ದಿತು. ಮಳೆಗಾಲದಲ್ಲಿ ನೀರು ಬಂದು ತನ್ನ ಜಾಗ ಹುಡುಕಿತು. ಸಿಗದೆ, ತಗ್ಗಿನ ಕುಂಬಾರಗೇರಿಗೆ ನುಗ್ಗಿ ಎದೆಮಟ್ಟ ನಿಂತಿತು. ಹರಿಗೋಲಿನಲ್ಲಿ ಬಂದ ಸರ್ವಮಂಗಳಮ್ಮನಿಗೆ ಪುಟ್ಟತಾಯಿ ಸೂರಿನ ಮೇಲಿಂದಲೇ ಕೇಳಿದಳು: "ಭೂಮ್ತಾಯಿ ಹದ ಮಾಡ್ಕಂಡ್ಲು, ಸರಿ ಕಣಕ್ಕ. ಅರಮನೆ ಬುಟ್ಟು ನನ್ನ ಒಲೇನೇ ಯಾಕೆ ಆರುಸ್ದ್ಲು?"

ಆಕೆ ಹರಿಗೋಲನ್ನು ಸೂರಿಗೆ ತಾಗಿಸಿ ಕೈ ಚಾಚಿದರು. ನಮ್ಮ ಬಳಿ ಉತ್ತರವಿತ್ತು, ಆದರೆ ಮೂರು ಸಂಪುಟದಷ್ಟಿತ್ತು.

ಅತ್ತ ಭವನದಲ್ಲಿ ಉತ್ಸವ. "ತಗ್ಗಿನಲ್ಲಿ ಕೆರೆ ತಾನೇ ಮರಳಿ ತುಂಬಿದೆ, ಕೆರೆ ಪುನಶ್ಚೇತನ ಯೋಜನೆ ಯಶಸ್ವಿ!" ಎಂದು ತಥಾಸ್ತುರಾಯರು ಸಾರಿದರು. ಅರಸನಿಗೆ 'ಭೂಸಮತೋಲನ ಚಕ್ರವರ್ತಿ' ಎಂಬ ಬಿರುದು, ಮೇಲೊಂದು ಹೊಸ ಕಿರೀಟ.

ಮರುದಿನ ಕುಂಬಾರಗೇರಿಯ ಪ್ರತಿ ಬಾಗಿಲಿಗೂ, ಬಾಗಿಲು ಮುಳುಗಿದ್ದಲ್ಲಿ ಸೂರಿಗೂ, ನೋಟಿಸು ಅಂಟಿತು: ಸದರಿ ನಿವಾಸಿಗಳು ಕೆರೆಯಂಗಳವನ್ನು ಒತ್ತುವರಿ ಮಾಡಿರುವುದು ಕಂಡುಬಂದಿದ್ದು, ಏಳು ದಿನದೊಳಗೆ ಮನೆ ತೆರವುಗೊಳಿಸತಕ್ಕದ್ದು.