ನನ್ನ ಪಿಸ್ತೂಲ ಖೊಟ್ಟಿ ಅಂತ ಊರೆಲ್ಲಾ ಸಾರಿದ್ದು

ಹೊಸಾ ಸಾಮಾನ ಮನಿಗಿ ಬಂದ ದಿನಾನ ಅದರಾಗ ಒಂದು ದೋಷಾ ಹುಡುಕೋದು ನಮ್ಮ ಮನೆತನದ ಜಡ್ಡು. ನಮ್ಮಪ್ಪ ಒಂದು ಛತ್ರಿ ಮೂರು ಸಲ ವಾಪಸ್ ಮಾಡಿದ್ದ. ನಾಕನೇದ್ದು ಪಾಸ್ ಆಗೂದ್ರಾಗ ಮಳಿಗಾಲ ಮುಗಿದಿತ್ತು. ನನ್ನ ಕಾಲದಾಗ ಕುಕ್ಕರ, ಫ್ಯಾನು, ಒಂದು ಜೋಡ ಚಪ್ಪಲಿ, ಎಲ್ಲಾ ಅಂಗಡಿಗಿ ತಿರುಗಿ ಹೋಗ್ಯಾವ. ಅದಕ್ಕ ಕಾರಣಾನೂ ಐತಿ. ನಾ ಅಮರಗೋಳದ ಮಾರ್ಕೆಟ್ಟಿನಾಗ ಮೆಣಸಿನಕಾಯಿ ವ್ಯಾಪಾರ ಮಾಡಾಂವ. ಚೀಲದಾಗ ಕೈ ಹಾಕಿ ಒಂದು ಹಿಡಿ ತಗದು, ಬಣ್ಣ ನೋಡಿ, ಮುರಿದು, ಮೂಸಿ, ಇಡೀ ಮಾಲಿನ ಜಾತಕ ಹೇಳ್ತೇನಿ. ಹಿಡಿ ಕೆಟ್ಟಿದ್ರ ಚೀಲ ಕೆಟ್ಟಂಗ, ಚೀಲ ಕೆಟ್ಟಿದ್ರ ತಂದಾಂವ ಕೆಟ್ಟಂಗ. ಮೂವತ್ತು ವರ್ಷ ಹಿಂಗ ನಡದೈತಿ. ಮೆಣಸಿನಕಾಯಿಗೆ ಹಚ್ಚೋ ಲೆಕ್ಕ ಮನಷ್ಯಾರಿಗೂ ಹಚ್ಚಿದ್ನಲ್ಲಾ, ಅದ ನನ್ನ ತಪ್ಪು. ಈ ಕತಿ ಕೇಳಿದಾವ್ರೆಲ್ಲಾ ನಗತಾರ. ನನಗ ಮಾತ್ರ ಪೂರಾ ನಗು ಬರೂದಿಲ್ಲ.

೧. ಮೂಸಿ ನೋಡಿದ್ದು

ಹ್ವಾದ ವರ್ಷ ಬಾಜೂ ಅಂಗಡಿಯಾಂವ ಪಿಸ್ತೂಲ ತಗೊಂಡ. ನಾ ತಗೊಳ್ಳಾಕ ಅಷ್ಟ ಕಾರಣ. ಅರ್ಜಿಯೊಳಗ ಮಾತ್ರ 'ಜೀವ ರಕ್ಷಣೆಗಾಗಿ' ಅಂತ ಬರದಿದ್ನಿ. ಲೈಸೆನ್ಸ್ ಕೈಗೆ ಬರೂದ ತಡ, ನಮ್ಮಪ್ಪನ ಜೋಡನಳಿಗಿ ಬಂದೂಕ ಕೊಟ್ಟು ಪಿಸ್ತೂಲ ತರಾಕ ಹುಬ್ಬಳ್ಳಿ ಕಾಕಾನ ಅಂಗಡಿಗಿ ಹೋದ್ನಿ.

ಈ ಕಾಕಾ ನಮ್ಮ ರಕ್ತಸಂಬಂಧಿ ಅಲ್ಲ. ಬಂದೂಕಿನ ಅಂಗಡಿ ಮಾಲಕರು, ಎಪ್ಪತ್ತು ದಾಟೇತಿ, ಆದ್ರ ಕೈ ಇನ್ನೂ ನಡಗೂದಿಲ್ಲ. ಅಪ್ಪನ ಬಂದೂಕ ಅವರ ಕಡೇನ ತಗೊಂಡದ್ದು. ಪ್ರತಿ ವರ್ಷ ದಸರಾ ಸಂಜಿಗೆ ಬನ್ನಿ ಕೊಡಾಕ ನಮ್ಮ ಮನಿಗಿ ಬರತಿದ್ರು. ದೇವರ ಮುಂದಿನ ಬಂದೂಕ ತಗೊಂಡು ಪಡಸಾಲ್ಯಾಗ ಕುಂತು ಅರ್ಧಾ ತಾಸು ಒರಸತಿದ್ರು. ಅಪ್ಪ ಹೋದ ಮ್ಯಾಲೂ ಬರೂದು ಬಿಡಲಿಲ್ಲ. "ಕಾಕಾ, ಬಂದೂಕಿನ ಸಲುವಾಗಿ ಬರ್ತೀರೋ, ಹೋಳಿಗಿ ಸಲುವಾಗೋ?" ಅಂತ ನಾ ಚ್ಯಾಷ್ಟಿ ಮಾಡತಿದ್ನಿ. "ಎರಡೂ ಕೆಟ್ಟು ಹೋಗಬಾರದಲ್ರಿ" ಅಂತಿದ್ರು.

ಅವರು ಪಿಸ್ತೂಲ ತಗದು ಮುಂದಿಟ್ರು. ನಾ ರೂಢಿ ಪ್ರಕಾರ, "ಇನ್ನೂ ನಾಕು ತಗೀರಿ, ಆರಿಸ್ತೇನಿ" ಅಂದ್ನಿ.

"ಸಾವಕಾರ್ರ, ಇದು ಸೀರಿ ಅಂಗಡಿ ಅಲ್ರಿ. ಬಂದದ್ದ ಒಂದು."

ಇರ್ಲಿ ಅಂತ ಕೈಯಾಗ ತಗೊಂಡು ತೂಗಿ ನೋಡಿದ್ನಿ, ಉಗರಿಲೆ ಕೆರದು ಬಣ್ಣ ನೋಡಿದ್ನಿ, ಕಡೀಕ ಮೂಗಿಗೆ ಹಿಡದು ಮೂಸಿದ್ನಿ.

"ಎಂಟು ದಿನ ಗುಂಡು ಹೊಡಿಯೂದು ಕಲಸೋ ಸುಬೇದಾರ್ರ ಕಡೆ ಹೋಗಿ ಕೈ ಪಳಗಿಸಿಕೊಳ್ರಿ. ಆಮ್ಯಾಲ ಪಿಸ್ತೂಲಿನ ಗುಣಾ ಹೇಳಾಕ ಬರ್ರಿ" ಅಂದ್ರು ಕಾಕಾ.

"ನಮ್ಮಪ್ಪ ಬಂದೂಕ ಹೊಡದಾಂವ, ನನಗ ಯಾರೂ ಕಲಸೂದು ಬ್ಯಾಡ್ರಿ" ಅಂತ ಮತ್ತೊಮ್ಮೆ ಮೂಸಿದ್ನಿ.

"ಖಾರ ಹೆಂಗೈತ್ರಿ?" ಅಂತ ಕೇಳಿದ್ರು ಕಾಕಾ.

೨. ಬಾಜೂದವರ ಹಾಳಿ

ಧಾರವಾಡದಾಚಿ ಗುಂಡು ಹೊಡಿಯೋ ಮೈದಾನ ಒಂದೈತಿ. ಮಿಲಿಟರಿಯೊಳಗ ಇದ್ದು ರಿಟೈರ್ ಆದ ಸುಬೇದಾರ್ರು ಅಲ್ಲಿ ಕಲಸ್ತಾರ. ಕಲಿಯಾಕಲ್ಲ, ಮಾಲು ಪರೀಕ್ಷಾ ಮಾಡಾಕ ಅಂತ ನಾ ಹೋದ್ನಿ. ಎದುರಿಗೆ ಗೋಲ ಬರದ ಹಾಳಿ ಹಚ್ಚಿದ್ರು. ಐದು ಗುಂಡು ಹೊಡದ್ನಿ. ಹತ್ರ ಹೋಗಿ ನೋಡಿದ್ರ ನನ್ನ ಹಾಳಿಗೆ ಒಂದೂ ತೂತಿಲ್ಲ, ಅಂಗಡಿಯಿಂದ ಈಗ ತಂದಂಗ ಐತಿ.

ಬಾಜೂಕ ಒಬ್ಬರು ಹಲ್ಲಿನ ಡಾಕ್ಟ್ರು ಹೊಡಿಯಾಕತ್ತಿದ್ರು. ಅವರು ಹೊಡದದ್ದೂ ಐದ. ಅವರ ಹಾಳ್ಯಾಗ ಎಂಟು ತೂತು.

ಸುಬೇದಾರ್ರು ಎಣಿಸಿ, "ಡಾಕ್ಟ್ರ, ಇದರಾಗ ಮೂರು ಈ ಸಾವಕಾರ್ರು ದಾನಾ ಕೊಟ್ಟದ್ದು" ಅಂದ್ರು.

ನನಗ ಸಿಟ್ಟು ನೆತ್ತಿಗೇರಿತು. "ನಾ ಹಿಡದದ್ದು ನೆಟ್ಟಗ ಐತ್ರಿ. ಪಿಸ್ತೂಲ ಎಡಕ್ಕ ಹೊಕ್ಕೈತಿ. ಖೊಟ್ಟಿ ಮಾಲು!" ಅಂದ್ನಿ. ಸುಬೇದಾರ್ರು ಬ್ಯಾರೆ ಹಾಳಿ ಹಚ್ಚಿದ್ರು. ನನ್ನ ಪಿಸ್ತೂಲಾನ ತಗೊಂಡು ಐದು ಗುಂಡು ಹೊಡದ್ರು. ಐದೂ ನಡುವಿನ ಗೋಲದಾಗ, ಒಂದರ ಬಾಜೂಕ ಒಂದು.

ಅಷ್ಟಕ್ಕ ನಾ ಸುಮ್ಮನ ಆಗಬೇಕಿತ್ತು. ಆಗಲಿಲ್ಲ. "ನಿಮ್ಮಂಥಾವ್ರು ಹೊಡದ್ರ ಏನ್ ಗೊತ್ತಾಗತೈತ್ರಿ? ನಿಮ್ಮ ಕೈಯಾಗ ಕಟಗಿ ಪಿಸ್ತೂಲೂ ಗುರಿ ಹಿಡಿತೈತಿ" ಅಂದ್ನಿ.

"ಹಂಗಾದ್ರ ನೀವೂ ಕಟಗೀದ್ದ ತಗೋರಿ. ಬಾಜೂದವ್ರು ಬದುಕ್ಯಾರು" ಅಂದ್ರು ಸುಬೇದಾರ್ರು.

೩. ಬರೇ ಹಾಳಿ ಸಾಕ್ಷಿ

ಮನ್ಯಾಗ ಹೇಳಿದ್ರ ನಮ್ಮನಿಯಾಕಿ, "ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತ" ಅಂದು ರೊಟ್ಟಿ ಬಡಿಯಾಕ ಹತ್ತಿದಳು. ಮನ್ಯಾಗ ನ್ಯಾಯ ಸಿಗೂದಿಲ್ಲ ಅಂತ ಮರುದಿನ ನನ್ನ ತೂತಿಲ್ಲದ ಹಾಳಿ ಸುತ್ತಿಕೊಂಡು ಮಾರ್ಕೆಟ್ಟಿಗಿ ಹೋದ್ನಿ. ಚಾದಂಗಡಿ ಮುಂದ ಹಾಳಿ ಬಿಚ್ಚಿ ತೋರಿಸಿದ್ನಿ. "ನೋಡ್ರಿ, ಐದು ಗುಂಡು ಹೊಡದೇನಿ. ಒಂದರ ತಾಗೇತೇನು? ಕಾಕಾ ನನಗ ಖೊಟ್ಟಿ ಮಾಲು ಕಟ್ಟ್ಯಾರ."

ಒಬ್ಬ ವ್ಯಾಪಾರಿ ಹಾಳಿ ತಿರುವಿ ನೋಡಿ, "ಇದು ಛಲೋ ಐತಲ್ರಿ, ನಮ್ಮ ಹುಡುಗಿಗೆ ಚಿತ್ರಾ ಬರಿಯಾಕ ಆಗತೈತಿ, ಕೊಡ್ತೀರೇನು?" ಅಂದ. ಎಲ್ಲಾರೂ ನಕ್ಕರು. ನಾನೂ ನಕ್ಕ್ನಿ.

ಆದ್ರ ನಗೂದು ಬ್ಯಾರೆ, ನಂಬೂದು ಬ್ಯಾರೆ. ಮೆಣಸಿನಕಾಯಿ ನೋಡೂದ್ರಾಗ ನನ್ನ ಮಾತು ಅಂದ್ರ ಅಮರಗೋಳದಾಗ ಮುದ್ರಿ ಒತ್ತಿದಂಗ. ಆ ಮುದ್ರಿ ಪಿಸ್ತೂಲಿಗೂ ಬಿತ್ತು, ಕಾಕಾಗೂ ಬಿತ್ತು. ತಿಂಗಳೊಳಗ ನಾಕು ಮಂದಿ ವ್ಯಾಪಾರಸ್ಥರು ತಮ್ಮ ಬಂದೂಕಗಳ ರಿಪೇರಿ ಬೆಳಗಾವಿಗೆ ಒಯ್ದ್ರು. ಕಾಕಾನ ಅಂಗಡಿಗೆ ಇದ್ದ ಗಿರಾಕಿನ ಅಷ್ಟು.

ಒಂದಿನ ಕಾಕಾ ಫೋನ್ ಮಾಡಿದ್ರು. "ಸಾವಕಾರ್ರ, ಊರಿಗೆ ಹೇಳೂ ಮೊದಲ ನನಗೊಂದು ಮಾತು ಹೇಳಬೇಕಿತ್ರಿ."

"ಖೊಟ್ಟಿ ಮಾಲಿಗೆ ಖೊಟ್ಟಿ ಅಂದೇನ್ರಿ, ಅದರಾಗ ಮುಚ್ಚೂದೇನೈತಿ?" ಅಂದ್ನಿ.

ಕಾಕಾ "ಆತ್ರಿ" ಅಂದು ಫೋನ್ ಇಟ್ರು. ಥೂ, ನನ್ನ ಬಾಯಿಗಿ! ಅವಾಗರ ಎದ್ದು ಅವರ ಅಂಗಡಿಗಿ ಹೋಗಬೇಕಿತ್ತು. ಹೋಗಲಿಲ್ಲ.

೪. ಮುಚ್ಚಿಟ್ಟ ಹೋಳಿಗಿ

ದಸರಾ ಬಂತು. ಖಂಡೇಪೂಜಿ ದಿನ ನಮ್ಮ ಮನ್ಯಾಗ ಅವ್ವಂದ ರಾಜ್ಯ. ಎಂಬತ್ತೆರಡು ವರ್ಷ ಆಗೇತಿ, ಆದ್ರ ಪೂಜಾದಾಗ ಯಾರೂ ನಡುವ ಬಾಯಿ ಹಾಕೂಹಂಗಿಲ್ಲ. ತಕ್ಕಡಿ, ಕುಡಗೋಲು, ಈಳಿಗಿ, ಕಾರಿನ ಕೀಲಿ, ಎಲ್ಲಾ ಸಾಲಾಗಿ ಇಡಸ್ತಾಳ, ವಿಭೂತಿ ಕುಂಕುಮ ಹಚ್ಚತಾಳ. ಹಳೇ ಹಿತ್ತಾಳಿ ಸೇರು ಒಂದೈತಿ. ಅದರಾಗ ನಾಕು ಕಾಳು ಅಕ್ಕಿ ಹಾಕಿದ ಹೊರತು ಇಡಾಕ ಬಿಡೂದಿಲ್ಲ. "ಬರಿದು ಭಾಂಡೆ ದೇವರ ಮುಂದ ಇಡಬಾರದೋ" ಅಂತಾಳ. ನಾ ಪಿಸ್ತೂಲ ಖಾಲಿ ಮಾಡಿ, ಗುಂಡು ತುಂಬೋ ಡಬ್ಬಿ ಹೊರಗ ತಗದು ಬಾಜೂಕ ಇಟ್ಟು, ಕೈ ಮುಗದು ಮಾರ್ಕೆಟ್ಟಿನ ಪೂಜಾಕ್ಕ ಹೋದ್ನಿ.

ಮರುದಿನ ದಸರಾ ಸಂಜಿಗೆ ಬನ್ನಿ ಕೊಡಾಕ ಊರ ಮಂದೆಲ್ಲಾ ಬಂದು ಹೋದ್ರು. ಕಾಕಾ ಬರಲಿಲ್ಲ. ಅವ್ವ ಅವರ ಸಲುವಾಗಿ ಎರಡು ಹೋಳಿಗಿ ತಾಟಿನ ಕೆಳಗ ಮುಚ್ಚಿಟ್ಟು, ಬಾಗಲದಾಗ ಕುಂತಿದ್ದಳು.

"ಕಾಕಾ ಯಾಕ ಬರಲಿಲ್ಲೋ ತಮ್ಮಾ?"

"ನೆಗಡಿ ಆಗೇತಂತಬೇ" ಅಂತ ಸುಳ್ಳ ಹೇಳಿದ್ನಿ.

"ನೆಗಡಿ ಮೂಗಿಗೆ ಆಗತೈತಿ, ಬಾಯಿಗಲ್ಲ. ಹೋಳಿಗಿ ಕೊಟ್ಟು ಬಾ."

ಹೋಗಾಕ ನನಗ ಯಾ ಮುಖ ಇತ್ತು? ಹಿತ್ತಲಕ್ಕ ಹೋಗಿ ಎರಡೂ ಹೋಳಿಗಿ ನಾನ ತಿಂದು, ಕೊಟ್ಟು ಬಂದೇನಿ ಅಂದ್ನಿ. ಡಬ್ಬಿ ಪಿಸ್ತೂಲಿಗೆ ಸಿಗಿಸಿ ಹಂಗ ಕಪಾಟಿನಾಗ ಇಟ್ಟು ಕೀಲಿ ಹಾಕಿದ್ನಿ. ಒರಸಾವ್ರು ಬಂದಿರಲಿಲ್ಲ, ನಾ ಒರಸಲಿಲ್ಲ.

"ಕಾಕಾ ಏನಂದ್ರು?" ಅಂತ ಕೇಳಿದಳು ಅವ್ವ.

"ಛಲೋ ಆಗ್ಯಾವ ಅಂದ್ರಬೇ" ಅಂದ್ನಿ. ತುಪ್ಪ ಇನ್ನೂ ನನ್ನ ಮೀಸಿಗಿ ಹತ್ತಿತ್ತಂತ. ನಮ್ಮನಿಯಾಕಿ ಆಮ್ಯಾಲ ಹೇಳಿದಳು.

೫. ಕಾರಖಾನಿ ಇರಿವಿ

ಕಾರ್ತೀಕದಾಗ ಮತ್ತ ಮೈದಾನಕ್ಕ ಹೋದ್ನಿ. ಈ ಸಲ ಗುಂಡು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಡಬ್ಬಿಯೊಳಗ ಒಂದು ಗುಂಡು ಸೈತ ಇಳೀವಲ್ಲದು. ಖರೇ ಹೇಳ್ತೇನಿ, ನನಗ ಖುಷಿ ಆತು. ಇನ್ನ ಖೊಟ್ಟಿ ಅಲ್ಲ ಅನ್ನಾವ್ರು ಯಾರು? ಬೆಳಗಾವಿಗೆ ಬಂದೂಕ ಒಯ್ದ ಆ ನಾಕು ಮಂದಿ ವ್ಯಾಪಾರಸ್ಥರನ್ನ ಕಾರಿನಾಗ ಹಾಕ್ಕೊಂಡು ಸೀದಾ ಕಾಕಾನ ಅಂಗಡಿಗಿ ಹೋದ್ನಿ. ಪಂಚರು ಇರಲಿ ಅಂತ.

ಕಾಕಾ ಎದ್ದು ನಿಂತು, "ಬರ್ರಿ ಬರ್ರಿ" ಅಂತ ಎಲ್ಲಾರಿಗೂ ಕುರ್ಚಿ ಕೊಟ್ರು. ಅವರ ಹಿಂದ ಗ್ವಾಡಿಗೆ ನಮ್ಮಪ್ಪನ ಬಂದೂಕ ನೇತಾಕ್ಕೊಂಡಿತ್ತು, ಇನ್ನೂ ಯಾರಿಗೂ ಮಾರಿರಲಿಲ್ಲ. ನಾ ಮಾತು ಶುರು ಮಾಡೂ ಮೊದಲ ಡಬ್ಬಿ ತಗೊಂಡು ಹೆಬ್ಬಟ್ಟಿಲೆ ಒತ್ತಿ ನೋಡಿದ್ರು. ಒಳಗಿನ ಸ್ಪ್ರಿಂಗು ಮಿಸುಕಾಡಲಿಲ್ಲ. ತಳಾ ಬಿಚ್ಚಿ, ಪೇಪರ ಹಾಸಿ, ಎರಡು ಸಲ ಕುಟ್ಟಿದ್ರು.

ಮೊದಲ ಒಂದು ಕರೇ ಅಂಟು ಮುದ್ದಿ ಬಿತ್ತು. ಆಮ್ಯಾಲ ಒಂದು ಅಕ್ಕಿ ಕಾಳು. ಅದರ ಹಿಂದ ಇರಿವಿ, ಒಂದಾದ ಮ್ಯಾಲ ಒಂದು, ಶಿಸ್ತಿಲೆ ಹೊರಗ ಬರಾಕ ಹತ್ತಿದ್ವು.

ನಾ ಎದ್ದು ನಿಂತು ಕೂಗಿದ್ನಿ: "ನೋಡ್ರಿ! ನೋಡ್ರಿ! ಕಾರಖಾನಿ ಒಳಗ ಇರಿವಿ ಹಾಕಿ ಕಳಸ್ಯಾರ! ಯಾರರ ನೋಡಾವ್ರು ಇಲ್ಲೇನು ಅಲ್ಲಿ?"

ಕಾಕಾ ಆ ಅಕ್ಕಿ ಕಾಳು ನೋಡಿದ್ರು, ನನ್ನ ಮುಖ ನೋಡಿದ್ರು. ಪೇಪರ ಸಾವಕಾಶ ಮಡಿಚಿದ್ರು. "ಹೌದ್ರಿ, ನನ್ನ ತಪ್ಪು. ನಾ ನೋಡಬೇಕಾಗಿತ್ತು, ನೋಡಲಿಲ್ಲ" ಅಂತ ನಾಕೂ ಮಂದಿ ಮುಂದ ಕೈ ಮುಗದ್ರು. ಪಂಚರು ಚಾ ಕುಡದು, ನನ್ನ ಬೆನ್ನು ಚಪ್ಪರಿಸಿ ಹೊರಗ ಹೋದ್ರು.

ನಾ ಒಬ್ಬನ ಉಳಿದ ಮ್ಯಾಲ ಕಾಕಾ ಕೇಳಿದ್ರು, "ಅವ್ವಾರು ಆರಾಮದಾರಲ್ರಿ?"

"ಹೂಂ. ಯಾಕ್ರಿ?"

"ಬೆಲ್ಲಾ, ಅಕ್ಕಿ. ಬರಿದು ಡಬ್ಬಿ ದೇವರ ಮುಂದ ಇಡಬಾರದಂತ ಹಾಕ್ಯಾರ. ನಿಮ್ಮ ಅಪ್ಪಾರ ಬಂದೂಕಿನ ಎರಡೂ ನಳಿಗ್ಯಾಗ ಪ್ರತಿ ದಸರಾಕ ಹಾಕತಿದ್ರು. ಮೂವತ್ತು ವರ್ಷ ನಾ ಬಂದು ತಗೀತಿದ್ನಿ. ಈ ವರ್ಷ ನಾ ಬರಲಿಲ್ಲ ನೋಡ್ರಿ. ಅದಕ್ಕ ಅಂದ್ನಿ, ತಪ್ಪು ನಂದು."

ನನಗ ನೆಲಾ ಬಿರದು ನುಂಗಬಾರದ ಅನಿಸ್ತು. "ಅವರ ಮುಂದ ಹೇಳಬೇಕಿತ್ತಲ್ರಿ ಕಾಕಾ!"

"ಆ ನಾಕು ಮಂದಿ ಮುಂದ ಅವ್ವಾರ ಹೆಸರ ತಗೀಲೇನ್ರಿ?" ಅಂದ್ರು. ಅವರು ಸಿಟ್ಟು ಮಾಡಿಕೊಂಡು ಎರಡು ಬೈದಿದ್ರ ನನಗ ಹಗರ ಆಗತಿತ್ತು.

ಮರುದಿನ ಅದ ಚಾದಂಗಡಿ ಮುಂದ ನಿಂತು, ಮಾಲು ಛಲೋ ಐತಿ, ಕೈ ನಂದ ಖೊಟ್ಟಿ, ಇರಿವಿ ನಮ್ಮ ಮನೀವು ಅಂತ ಹೇಳಿದ್ನಿ. ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ಆದ್ರ ಬೆಳಗಾವಿಗೆ ಹೋದ ಬಂದೂಕ ಒಂದೂ ಕಾಕಾನ ಕಡೆ ತಿರುಗಿ ಬರಲಿಲ್ಲ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತ ಹಿರ್ಯಾರು ಸುಮ್ಮನ ಹೇಳಿಲ್ಲ.

೬. ಅವ್ವನ ಪರೀಕ್ಷಾ

ಆ ಐತಾರ ದೇವರ ಮುಂದಿನ ಒಣಗಿದ ಬನ್ನಿ ತಗೊಂಡು ಕಾಕಾನ ಮನಿಗಿ ಹೋದ್ನಿ. "ತಪ್ಪಾತ್ರಿ. ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದು ಕಾಲಿಗಿ ಬಿದ್ನಿ.

"ಕಾರ್ತೀಕದಾಗ ಯಾರ ಬನ್ನಿ ಕೊಡ್ತಾರ್ರಿ ಸಾವಕಾರ್ರ?" ಅಂದ್ರು, ಆದ್ರ ತಗೊಂಡು ಕಣ್ಣಿಗೆ ಒತ್ತಿಕೊಂಡ್ರು. ಕರಕೊಂಡು ಮನಿಗಿ ಬಂದ್ನಿ. ಅವ್ವ ಹೋಳಿಗಿ ಮಾಡಿಸಿದ್ದಳು.

ಊಟಾ ಮಾಡಾಕತ್ತಾಗ ನನಗ ತಡಿಯಲಿಲ್ಲ. "ಅವ್ವಾ, ಪಿಸ್ತೂಲಿನ ಡಬ್ಬ್ಯಾಗ ಬೆಲ್ಲಾ ಹಾಕಿದ್ದೇನ?"

"ಹಾಕಿದ್ನಿ. ಬರಿದು ಇಡಬಾರದು."

"ಅದು ಒಳಗ ಕರಗಿ, ಇರಿವಿ ಹತ್ತಿ, ಪಿಸ್ತೂಲ ಕೆಟ್ಟು ನಿಂತಿತ್ತಬೇ!"

ಅವ್ವ ಬಡಸೂದು ನಿಲ್ಲಿಸಿದಳು. "ಏನಂದಿ? ಬೆಲ್ಲಾ ಹಂಗ ಉಳದಿತ್ತೇನು?"

"ಉಳೀದ ಏನಾಗತೈತಿ ಮತ್ತ?"

"ನಿಮ್ಮಪ್ಪನ ಬಂದೂಕಿಗೆ ಮೂವತ್ತು ವರ್ಷ ಹಾಕೇನಿ. ದಸರಾ ಮರುದಿನ ಕಣ್ಣಿಟ್ಟು ನೋಡತಿದ್ನಿ, ಒಂದು ಚೂರು ಉಳೀತಿರಲಿಲ್ಲ. ಅದು ದೇವರು ಒಪ್ಪಿಕೊಂಡಿದ್ದ ಬಂದೂಕ!"

ಖರೇ ಸಂಗತಿ ಹೇಳಾಕ ನಾ ಬಾಯಿ ತಗದ್ನಿ. ಕಾಕಾ ಎಲಿ ಮ್ಯಾಲಿಂದ ತಲಿ ಎತ್ತಿ, ಬ್ಯಾಡ ಅಂತ ಕಣ್ಣಿಲೆ ಸನ್ನಿ ಮಾಡಿದ್ರು. ಜೀವಮಾನದಾಗ ಮೊದಲನೇ ಸಲ ನಾ ಬಾಯಿ ಮುಚ್ಚಿದ್ನಿ.

ಅವ್ವ ಕಾಕಾನ ಎಲಿಗಿ ಇನ್ನೊಂದು ಹೋಳಿಗಿ ಹಾಕಿ, ನನ್ನ ಕಡೆ ತಿರುಗಿ ಅಂದಳು: "ಇಡೀ ಊರಿನ ಮೆಣಸಿನಕಾಯಿ ಪರೀಕ್ಷಾ ಮಾಡ್ತಿ, ಒಂದು ಪಿಸ್ತೂಲ ನೋಡಿ ತಗೊಳ್ಳಾಕ ಬರಲಿಲ್ಲೇನ ನಿನಗ? ಚೂರು ಬೆಲ್ಲಾ ತಿನ್ನಾಕ ಆಗದ ಪಿಸ್ತೂಲ. ಖೊಟ್ಟಿ ಐತಿ ಅದು, ವಾಪಸ್ ಕೊಡು!"