ಬಲೆ ಮೊದಲೋ, ಚೆಂಡು ಮೊದಲೋ

ಒಬ್ಬ ಮನುಷ್ಯ ಎರಡು ಸಾಲು ನೆಟ್ಟಗೆ ಬರೆಯಬಲ್ಲ ಎಂಬ ಸುದ್ದಿ ಊರಿನಲ್ಲಿ ಹಬ್ಬಬಾರದು. ಹಬ್ಬಿದರೆ ಮದುವೆಯ ಕರೆಯೋಲೆಯಿಂದ ಹಿಡಿದು ಕರೆಂಟು ಆಫೀಸಿನ ದೂರಿನವರೆಗೆ ಎಲ್ಲವೂ ಅವನ ತಲೆಯ ಮೇಲೆ. ಚೆನ್ನೈ ಸೇರಿ ಇಪ್ಪತ್ತೆಂಟು ವರ್ಷವಾಯಿತು, ಇನ್ನು ಬಚಾವು ಎಂದುಕೊಂಡಿದ್ದೆ. ಅಷ್ಟರಲ್ಲಿ ಕುಂದಾಪುರದ ಆಚೆಗಿನ ನಮ್ಮ ಹಳ್ಳಿಯ ವಾಲಿಬಾಲ್ ಕ್ಲಬ್ಬಿಗೆ ಐವತ್ತು ತುಂಬಿ, ಅದರ ಚರಿತ್ರೆ ಬರೆಯುವ ಕೆಲಸ ಫೋನಿನಲ್ಲಿ ಬಂದು ನನ್ನ ಕೊರಳಿಗೆ ಬಿತ್ತು. ಜನ್ಮದಲ್ಲಿ ಚೆಂಡು ಮುಟ್ಟಿದವನಲ್ಲ ನಾನು ಎಂದರೆ, "ಅದ್ಕೇ ಮಾರ್ರೆ, ನಿಮ್ಗೆ ಪಕ್ಷಪಾತ ಇಲ್ಲ" ಎಂದರು ಕ್ಲಬ್ಬಿನವರು.

ಕ್ಲಬ್ಬು ಕಟ್ಟಿದವರಲ್ಲಿ ಉಳಿದವರು ಇಬ್ಬರೇ. ಇಬ್ಬರೂ ಚೆನ್ನೈಯಲ್ಲಿ ಹೋಟೆಲು ಇಟ್ಟವರು. ಸುಬ್ರಾಯಣ್ಣನದು ಅಡ್ಯಾರಿನಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ; ವಾಸಣ್ಣನದು ಪೋರೂರಿನಲ್ಲಿ. ಇಪ್ಪತ್ತೈದನೆಯ ವರ್ಷದ ಸಮಾರಂಭದಲ್ಲಿ 'ಸ್ಥಾಪಕರಿಗೆ ಹಾರ' ಎಂದು ಮೈಕಿನಲ್ಲಿ ಕೂಗಿದಾಗ ಇಬ್ಬರೂ ಒಟ್ಟಿಗೆ ಎದ್ದು ನಿಂತರಂತೆ. ಅಂದು ಮಾತು ಬಿಟ್ಟವರು ಮತ್ತೆ ಆಡಿಲ್ಲ. ಈ ಸಲ ಚರಿತ್ರೆಯಲ್ಲಿ ತನ್ನೊಬ್ಬನನ್ನೇ ಸ್ಥಾಪಕ ಎಂದು ಬರೆಯದಿದ್ದರೆ ಸಮಾರಂಭಕ್ಕೇ ಬರುವುದಿಲ್ಲವೆಂದು ಇಬ್ಬರೂ ಬೇರೆ ಬೇರೆಯಾಗಿ ಊರಿಗೆ ತಿಳಿಸಿದ್ದರು.

ಸುಬ್ರಾಯಣ್ಣ ನನಗೆ ಮಸಾಲೆ ದೋಸೆ ತಿನ್ನಿಸಿ ಹೇಳಿದ್ದು: ಮೀನುಗಾರರಿಂದ ಹಳೆಯ ಬಲೆ ಬೇಡಿ ತಂದು, ತೂತು ಹೊಲಿದು, ಎರಡು ತೆಂಗಿನ ಮರಗಳ ನಡುವೆ ಕಟ್ಟಿದವನು ತಾನು. "ಬಲೆ ಇಲ್ದೆ ಚೆಂಡ್ ಎತ್ತಿ ಹಾಕೂದ್ ವಾಲಿಬಾಲಾ? ಬರ್ಕಂಡ್ರಿಯಾ?"

ಎರಡು ಬಸ್ಸು ಬದಲಿಸಿ ಪೋರೂರಿಗೆ ಹೋದರೆ ವಾಸಣ್ಣ ಇನ್ನೂ ದೊಡ್ಡ ದೋಸೆ ತರಿಸಿದರು. ಮಂಗಳೂರಿನ ಸೋದರಮಾವನ ಮನೆಯಿಂದ ಅಕ್ಕಿ ಚೀಲದಲ್ಲಿ ಅಡಗಿಸಿ ಚೆಂಡು ತಂದವನು ತಾನು. "ಚೆಂಡಿಲ್ದೆ ಬಲೆ ಕಟ್ಟಿ ಕೂತ್ರೆ ಎಂತ ಬೀಳತ್ತೆ, ಬಂಗ್ಡಿ ಮೀನಾ?"

ಮೂರು ಭಾನುವಾರ ಹೀಗೆ ಅಲೆದೆ. ಇವರು ಹೇಳಿದ್ದನ್ನು ಅವರು ಅಳಿಸಿದರು, ಅವರು ಹೇಳಿದ್ದಕ್ಕೆ ಇವರು ನಕ್ಕರು. ನನ್ನ ಹೊಟ್ಟೆ ಕೆಟ್ಟಿತು. ನಾನು ಕನ್ನಡದಲ್ಲಿ ಗೋಳಾಡುವುದನ್ನು ಕೇಳಿ ಕೇಳಿ ಸಾಕಾದ ಮಗಳು ತಮಿಳಿನಲ್ಲಿ, "ರೆಂಡು ಪೇರಯುಂ ಒಣ್ಣಾ ಉಕ್ಕಾರ ವೈಪ್ಪಾ" ಎಂದಳು. ಇಬ್ಬರನ್ನೂ ಒಟ್ಟಿಗೆ ಕೂರಿಸಬೇಕಂತೆ! ಬೇರೆ ದಾರಿ ಇರಲಿಲ್ಲ, ಕರೆದೆ.

ಇಬ್ಬರೂ ಬಂದು ಸೋಫಾದ ಎರಡು ತುದಿಗಳಲ್ಲಿ ಕೂತರು. ಫ್ಯಾನು ಜೋರು ಮಾಡಬಹುದೇ ಎಂಬುದನ್ನೂ "ಅವ್ರನ್ ಕೇಳಿ" ಎಂದು ನನ್ನ ಮೂಲಕವೇ ಕೇಳಿಸಿದರು. ನಾನು ಗಂಟಲು ಸರಿಮಾಡಿಕೊಂಡು, ಬಹಳ ಜಾಣತನದಿಂದ ಬರೆದಿದ್ದ ಮೊದಲ ವಾಕ್ಯ ಓದಿದೆ: "ಈ ಕ್ಲಬ್ಬು ಯಾರೊಬ್ಬರ ಸಾಧನೆಯೂ ಅಲ್ಲ, ಊರಿನ ಸಮಸ್ತರ ಒಗ್ಗಟ್ಟಿನ ಫಲ."

ಸುಬ್ರಾಯಣ್ಣ ನಿಧಾನವಾಗಿ ಆ ತುದಿಗೆ ತಿರುಗಿದರು.

"ವಾಸು, ಕಂಡ್ಯಾ? ನಿನ್ ಹೆಸ್ರೇ ಇಲ್ಲ."

"ನಿಂದೂ ಇಲ್ಲ ಮಾರಾಯ! ಆ ಬಲೆ ಹೊಲಿಯೂಕೆ ನೀ ಎಷ್ಟ್ ದಿನ ಕೂತಿದ್ದೆ, ನಂಗೊತ್ತಿಲ್ದಾ?"

"ಚೆಂಡ್ ತಂದದ್ದಕ್ಕೆ ನಿನ್ನಪ್ಪ ನಿಂಗೆ ಹೊಡ್ದದ್ ನಾ ಕಂಡಿಲ್ವಾ?"

ಇಪ್ಪತ್ತೈದು ವರ್ಷಗಳ ನಂತರದ ಮೊದಲ ಮಾತು. ವಾಸಣ್ಣನ ಕಣ್ಣು ತೇವವಾದದ್ದನ್ನು ನಾನು ನೋಡಿದೆ. ಆದರೆ ಸಂತೋಷಪಡಲು ಅವರು ಬಿಡಲಿಲ್ಲ. ನನ್ನ ಕೈಯಿಂದ ಹಾಳೆ ಕಿತ್ತುಕೊಂಡು, ನನ್ನದೇ ಪೆನ್ನಿನಿಂದ ಅಡ್ಡಗೆರೆ ಎಳೆದು, "ಇವ್ರಿಗೆಂತ ಗೊತ್ತುಂಟು!" ಎಂದು ಬೈಯುತ್ತ ಒಂದೇ ಆಟೋದಲ್ಲಿ ಹೊರಟುಹೋದರು.

ಹದಿನೈದು ದಿನದಲ್ಲಿ ಅವರೇ ಬರೆಸಿದ ಚರಿತ್ರೆಯ ಕರಡು ತಿದ್ದುವುದಕ್ಕೆಂದು ನನಗೇ ಬಂತು. ಬಲೆಗೊಂದು ಪುಟ, ಚೆಂಡಿಗೊಂದು ಪುಟ. ಕೊನೆಯಲ್ಲಿ ಹೀಗಿತ್ತು: "ಈ ಚರಿತ್ರೆಯನ್ನು ತಿರುಚಲು ಚೆನ್ನೈಯಲ್ಲಿ ಒಬ್ಬರು ನಡೆಸಿದ ಪ್ರಯತ್ನವನ್ನು ಸಂಸ್ಥಾಪಕರಿಬ್ಬರೂ ಒಗ್ಗಟ್ಟಾಗಿ ವಿಫಲಗೊಳಿಸಿದರು." ಆ ವಾಕ್ಯದಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ತಿದ್ದಿದೆ. 'ಪ್ರಯತ್ನ'ದ ಹಿಂದೆ 'ದುಷ್ಟ' ಎಂದು ಸೇರಿಸಿದರೆ ವಾಕ್ಯಕ್ಕೆ ಇನ್ನಷ್ಟು ತೂಕ ಬರುತ್ತದೆ ಎನ್ನಿಸಿತು; ಅದನ್ನೂ ಸೇರಿಸಿ ಕಳುಹಿಸಿದೆ.