ಅನೀಸಾ ಮನೆಯ ಗೂಡು ಬಿಚ್ಚಿದ ವೀರ

ನಮ್ಮ ಕೋಡಿಹಳ್ಳಿಯ ಮುತ್ತುರಾಜು ಒಂದೇ ಹಗಲಲ್ಲಿ ಬಿಚ್ಚಿದ ರೇಷ್ಮೆ ಎಳೆ ರಾಮನಗರದಿಂದ ಹೊರಟು ಚಂದ್ರನನ್ನು ಒಂದು ಸುತ್ತು ಹಾಕಿ, ಮಿಕ್ಕಿದ್ದು ಮಾಗಡಿ ತಾಲ್ಲೂಕಿನ ಕುರಿಗಳನ್ನೆಲ್ಲ ಕಟ್ಟಿಹಾಕಲು ಸಾಕಾಯಿತು. ನಂಬದವರು ಚಂದ್ರನನ್ನೇ ಕೇಳಬಹುದು.

ರಾಮನಗರದ ಕೈನೆರವು ಸತ್ಸಂಗದವರು ಭಾನುವಾರ ಭಜನೆ ಮುಗಿಸಿ ಸುಮ್ಮನೆ ಮನೆಗೆ ಹೋಗುವವರಲ್ಲ. ಕಷ್ಟದಲ್ಲಿರುವವರ ಮನೆ ಹುಡುಕಿ, ಜಾತಿ ಮತ ಕೇಳದೆ, ಅಲ್ಲಿ ನಿಂತುಹೋದ ಕೆಲಸ ಮುಗಿಸಿ ಬರುತ್ತಾರೆ. ಅವರದೊಂದು ಕಟ್ಟುಪಾಡು: ಮಾಡಿದವರು ‘ನಾನು ಮಾಡಿದೆ’ ಅನ್ನಕೂಡದು.

ಆ ಭಾನುವಾರ ಕೈ ಮುರಿದುಕೊಂಡಿದ್ದವಳು ನೂಲು ಬಿಚ್ಚುವ ಅನೀಸಾ. ಮನೆ ತುಂಬ ರೇಷ್ಮೆಗೂಡು.

“ಇವತ್ತು ಬಿಚ್ಚದಿದ್ರೆ ನಾಳೆ ಚಿಟ್ಟೆ ತೂತು ಕೊರ್ಕಂಡು ಈಚೆಗ್ ಬತ್ತವೆ ಭಾಯ್. ಮಾರ್ಕೆಟ್ಟಿಂದ ತಂದಿದ್ದೆಲ್ಲಾ ಮಣ್ಣುಪಾಲು,” ಎಂದಳು.

“ಕುರಿ ಉಣ್ಣೆ ಕತ್ತರ್ಸೋ ಕೈ ಇದು! ಒಸಿ ಸರ್ಕಳಿ ಎಲ್ಲಾ!” ಎಂದು ಸತ್ಸಂಗದವರ ಜೊತೆ ಬಂದಿದ್ದ ಮುತ್ತುರಾಜು ಗೂಡು ಬೇಯುವ ಕುದಿನೀರಿನ ತೊಟ್ಟಿಗೆ ಕೈಯಿಳಿಸಿದ. ನೀರು ಹೆದರಿ ಕಿರುಚಿಕೊಂಡಿತು. ಕಿರುಚಿದ್ದು ಮುತ್ತುರಾಜು ಎನ್ನುವವರಿದ್ದಾರೆ; ಅವರಿಗೆ ಹೊಟ್ಟೆಯುರಿ. ಆ ಸದ್ದಿಗೆ ಬಿಡದಿ ಕಾರ್ಖಾನೆಯವರು ಪಾಳಿ ಮುಗಿಯಿತೆಂದು ಡಬ್ಬಿ ಹಿಡಿದು ಹೊರಬಂದರು.

ಪಕ್ಕದ ಮನೆಯ ಮುನಾವರ್ ಕಿಟಕಿಯಲ್ಲಿ ಇಣುಕಿದ. “ಏನ್ಲಾ, ಗೂಡು ಬೇಯಿಸ್ತಿದ್ದೀಯೋ, ಕೈ ಬೇಯಿಸ್ತಿದ್ದೀಯೋ?”

ಮುತ್ತುರಾಜು ರೋಷದಿಂದ ಚರಕ ತಿರುಗಿಸಿದ, ಹಿಂದುಮುಂದಾಗಿ. ಎಳೆಯೆಲ್ಲ ಅವನ ಕೊರಳಿಗೇ ಸುತ್ತಿಕೊಂಡು, ಮದುವೆಗೆ ಹೊರಟ ಬಸವನಂತೆ ಕಂಡ.

“ಬುಡಪ್ಪಾ, ಒಸಿ ಕುಂತ್ಕೊ,” ಎಂದರು ಸತ್ಸಂಗದ ಹಿರಿಯ ಲಕ್ಷ್ಮಿದೇವಮ್ಮ.

ಕುಳಿತುಕೊಳ್ಳುವ ಗಂಡೇ ಅವನು? ಸಂಜೆಗೆ ಗೂಡೆಲ್ಲ ಖಾಲಿ, ಗೋಡೆಯ ತುಂಬ ಹೊನ್ನಿನಂಥ ನೂಲಿನ ಲಡಿಗಳು. ಅನೀಸಾ ಅತ್ತೇಬಿಟ್ಟಳು. ಸತ್ಸಂಗದಲ್ಲಿ ಒಬ್ಬರೂ ‘ನಾನು’ ಅನ್ನಲಿಲ್ಲ. ಅಂದಮೇಲೆ ಮಾಡಿದವನು ಮುತ್ತುರಾಜುವೇ ಅಲ್ಲವೇ?

ಟೀ ಅಂಗಡಿಯಲ್ಲಿ ಇಷ್ಟು ಹೇಳಿ ನಾನು ಮೀಸೆ ತಿರುವುವಷ್ಟರಲ್ಲಿ, ಮೂಲೆಯಲ್ಲಿ ಕೇಳುತ್ತಿದ್ದ ನೂಲುಗಾರ ಜಬ್ಬಾರ್ ಎದ್ದುಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ಮುತ್ತುರಾಜಣ್ಣ, ದೇವ್ರಂಗೆ ಸಿಕ್ಬುಟ್ರಿ! ನಮ್ಮನೇವ್ಳು ಜ್ವರ ಬಂದು ಮಲಗವ್ಳೆ, ನನ್ನೊಬ್ನ ಕೈಲಿ ಆಗಲ್ಲ. ಗೂಡು ಹಂಗೇ ಬಿದ್ದೈತೆ. ಈಗ್ಲೇ ಬತ್ತೀರಾ?”

ಅವನ ಕಣ್ಣು ತುಂಬಿತ್ತು. ಅಂಗಡಿಯೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು. ಸುಳ್ಳಿನಿಂದ ನೂಲು ಬರುವುದಿಲ್ಲ.

“ಲಕ್ಷ್ಮಿದೇವಮ್ಮನ್ನ ಕರ್ಕಂಡೋಗು ಜಬ್ಬಾರಣ್ಣ,” ಎಂದೆ. “ಅವತ್ತು ಬಿಚ್ಚಿದ್ದೆಲ್ಲಾ ಆಯಮ್ಮ. ನಾನು ಜಗಲಿ ಮ್ಯಾಲೆ ಕೈ ಬೊಬ್ಬೆ ಊದ್ಕಂಡು ಕುಂತಿದ್ದೆ. ಅನೀಸಕ್ಕ ಮುರೀದೇ ಇರೋ ಕೈಲಿ ನಂಗೆ ಅನ್ನ ಕಲಸಿ ತಿನ್ನುಸ್ತು.”